ಮಕ್ಕಳಿಗೆ ಜಲಚಕ್ರದ ಪಾಠ: ಕೊಟ್ಟಿಗೆಯಿಂದಲೇ ಆರಂಭಿಸೋಣ



ನಮ್ಮ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಜಲಚಕ್ರದ ಚಿತ್ರವೊಂದಿರುತ್ತದೆ. ಒಂದು ಬದಿಗೆ ಸಮುದ್ರ, ಮೇಲೆ ಸೂರ್ಯ, ಮೋಡ, ಇನ್ನೊಂದು ಬದಿಗೆ ಬೆಟ್ಟ, ಬೆಟ್ಟದಿಂದ ಇಳಿದು ಸಮುದ್ರ ಸೇರುವ ನದಿ. ಸುತ್ತಲೂ ಬಾಣದ ಗುರುತುಗಳು. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಾರೆ. ಆದರೆ ಕೋಲಾರದಂಥ ಬಯಲುಸೀಮೆಯ ಮಗುವಿಗೆ ಆ ಚಿತ್ರದ ಸಮುದ್ರವೂ ಗೊತ್ತಿಲ್ಲ, ವರ್ಷವಿಡೀ ಹರಿಯುವ ನದಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೋರ್‌ವೆಲ್, ಟ್ಯಾಂಕರ್, ಮನೆ ಮುಂದಿನ ನಲ್ಲಿ ಮತ್ತು ಕೊಟ್ಟಿಗೆಯ ಕಲ್ಲುಬಾನಿ. ಇವು ಯಾವುವೂ ಆ ಚಿತ್ರದಲ್ಲಿಲ್ಲ.

ಆದ್ದರಿಂದ ಬುದ್ಧಿವಂತ ಮಗುವೊಂದು ಮನೆಗೆ ಬಂದು, "ಅಪ್ಪಾ, ನೀರು ಸುತ್ತಿ ಸುತ್ತಿ ವಾಪಸ್ಸು ಬರುತ್ತೆ, ಖರ್ಚಾಗೋದೇ ಇಲ್ಲ ಅಂತ ಮೇಷ್ಟ್ರು ಹೇಳಿದ್ರು. ಹಂಗಾದ್ರೆ ನಮ್ಮ ಬೋರು ಯಾಕೆ ಬತ್ತೋಯ್ತು?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ಮೇಷ್ಟ್ರು ಹೇಳಿದ್ದೂ ನಿಜ, ಬೋರು ಬತ್ತಿದ್ದೂ ನಿಜ. ಈ ಎರಡು ನಿಜಗಳನ್ನು ಜೋಡಿಸಿ ತೋರಿಸುವ ಕೆಲಸ ತಂದೆ ತಾಯಿಗಳದು. ಅದಕ್ಕೆ ಬೇಕಾದ ಉಪಕರಣಗಳೆಲ್ಲ ಹಸು ಸಾಕುವ ಮನೆಯಲ್ಲಿ ಈಗಾಗಲೇ ಇವೆ. ಓದು ಬರಹ ಹೆಚ್ಚಿಗೆ ಬಾರದ ಅಜ್ಜಿ ತಾತಂದಿರೂ ಈ ಪಾಠವನ್ನು ಹೇಳಿಕೊಡಬಹುದು.

ಮೊದಲು ನಾಲ್ಕು ಮಾತು

ಜಲಚಕ್ರದಲ್ಲಿ ಮುಖ್ಯವಾಗಿ ನಾಲ್ಕು ಘಟ್ಟಗಳಿವೆ. ಬಿಸಿಲು ಗಾಳಿಗೆ ನೀರು ಕಣ್ಣಿಗೆ ಕಾಣದ ಆವಿಯಾಗಿ ಮೇಲೇರುವುದು ಆವಿಯಾಗುವಿಕೆ. ಆ ಆವಿ ತಣ್ಣಗಾಗಿ ಮತ್ತೆ ಹನಿಯಾಗುವುದು ಸಾಂದ್ರೀಕರಣ. ಹನಿಗಳು ಕೂಡಿ ದಪ್ಪವಾಗಿ ಕೆಳಗೆ ಬೀಳುವುದು ಮಳೆ. ಬಿದ್ದ ಮಳೆಯಲ್ಲಿ ಒಂದು ಪಾಲು ಹರಿದು ಹೋಗುವುದು, ಒಂದು ಪಾಲು ಭೂಮಿಯೊಳಗೆ ಇಂಗುವುದು, ಉಳಿದದ್ದು ಗಿಡಮರಗಳ ಮೂಲಕವೂ ನೆಲದಿಂದಲೂ ಮತ್ತೆ ಆವಿಯಾಗುವುದು ನಾಲ್ಕನೆಯ ಘಟ್ಟ. ಮಕ್ಕಳಿಗೆ ಈ ಹೆಸರುಗಳನ್ನು ಮೊದಲೇ ಹೇಳಬೇಡಿ. ಮೊದಲು ಕಣ್ಣಿಗೆ ತೋರಿಸಿ, ಆಮೇಲೆ ಹೆಸರು ಹೇಳಿ.

ಪಾಠ 1: ತೊಳೆದ ಕೊಟ್ಟಿಗೆಯ ನೀರು ಎಲ್ಲಿ ಹೋಯಿತು?

ಬೆಳಗಿನ ಹಾಲು ಕರೆದು ಕೊಟ್ಟಿಗೆ ತೊಳೆದ ಮೇಲೆ ನೆಲ ಒದ್ದೆಯಾಗಿರುತ್ತದೆ. ಮಧ್ಯಾಹ್ನಕ್ಕೆ ಒಣಗಿರುತ್ತದೆ. ನೀರು ಎಲ್ಲಿಗೆ ಹೋಯಿತು ಎಂದು ಮಗುವನ್ನು ಕೇಳಿ. "ನೆಲ ಕುಡಿದುಬಿಡ್ತು" ಎಂದೇ ಹೆಚ್ಚಿನ ಮಕ್ಕಳು ಹೇಳುತ್ತಾರೆ. ಆಗ ಎರಡು ಸ್ಟೀಲ್ ತಟ್ಟೆಗಳಲ್ಲಿ ಒಂದೊಂದು ಲೋಟ ನೀರು ಹಾಕಿಸಿ. ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ನೆರಳಿನಲ್ಲಿಯೂ ಇಡಿಸಿ. ಮೂರನೆಯ ಲೋಟದ ನೀರನ್ನು ಬಾಯಿ ಕಿರಿದಾದ ಸೀಸೆಯಲ್ಲಿ ತುಂಬಿಸಿ ಬಿಸಿಲಿನಲ್ಲೇ ಇಡಿಸಿ. ಸಂಜೆ ಮೂರನ್ನೂ ಅಳೆಯಲಿ.

ಸ್ಟೀಲ್ ತಟ್ಟೆ ನೀರು ಕುಡಿಯಲಾರದು. ಆದ್ದರಿಂದ ನೀರು ಮೇಲಕ್ಕೇ ಹೋಗಿರಬೇಕೆಂದು ಮಗುವೇ ತೀರ್ಮಾನಿಸುತ್ತದೆ. ಬಿಸಿಲು ಹೆಚ್ಚಿದಷ್ಟೂ, ಬಾಯಿ ಅಗಲವಾದಷ್ಟೂ ಆವಿ ಹೆಚ್ಚು ಎಂಬುದೂ ತಿಳಿಯುತ್ತದೆ. ಕೆರೆಯೂ ಒಂದು ದೊಡ್ಡ ತಟ್ಟೆಯೇ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್ ಆವಿಯಾದರೂ ಒಂದು ಎಕರೆ ನೀರಿನ ಹರವಿನಿಂದ ಸುಮಾರು 20,000 ಲೀಟರ್ ಗಾಳಿಗೆ ಹೋಗುತ್ತದೆ. ಹೂಳು ತುಂಬಿ ಆಳ ಕಡಿಮೆಯಾದ ಕೆರೆಯಲ್ಲಿ ನೀರು ಅಗಲವಾಗಿ ತೆಳ್ಳಗೆ ನಿಲ್ಲುವುದರಿಂದ ಬೇಗ ಬತ್ತುವುದೇಕೆಂದು ಇದರಿಂದ ಅರ್ಥವಾಗುತ್ತದೆ.

ಆವಿಯಾಗುವ ನೀರು ತನ್ನ ಜೊತೆ ಶಾಖವನ್ನೂ ಒಯ್ಯುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗಿರುವುದು ಇದರಿಂದಲೇ. ಬೇಸಿಗೆಯಲ್ಲಿ ಕೊಟ್ಟಿಗೆಯ ಪಕ್ಕಕ್ಕೆ ಒದ್ದೆ ಗೋಣಿಚೀಲ ಕಟ್ಟುವುದೂ, ಸೀಮೆಹಸು ಏದುಸಿರು ಬಿಡುವುದೂ ಇದೇ ಕಾರಣಕ್ಕೆ. ಏದುಸಿರಿನಲ್ಲಿ ಹಸು ನೀರನ್ನು ಆವಿ ಮಾಡಿ ಮೈ ಶಾಖವನ್ನು ಹೊರಹಾಕುತ್ತದೆ.

ಪಾಠ 2: ಹಾಲಿನ ಪಾತ್ರೆಯ ಮುಚ್ಚಳದಲ್ಲಿ ಮಳೆ

ಹಾಲು ಕಾಯಿಸುವಾಗ ಮೇಲೆ ತಟ್ಟೆ ಮುಚ್ಚಿ. ಸ್ವಲ್ಪ ಹೊತ್ತಿನ ಮೇಲೆ ಇಕ್ಕಳದಲ್ಲಿ ತೆಗೆದು ಒಳಬದಿಯನ್ನು ತೋರಿಸಿ. (ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ಆವಿಯ ಸುಟ್ಟ ಗಾಯ ಕುದಿಯುವ ನೀರಿನದಕ್ಕಿಂತ ಕೆಟ್ಟದ್ದು.) ತಟ್ಟೆಯ ತುಂಬ ಹನಿಗಳಿರುತ್ತವೆ. ಕೆಳಗಿರುವುದು ಬಿಳಿಯ ಹಾಲು, ಮೇಲಿನ ಹನಿ ಮಾತ್ರ ತಿಳಿ ನೀರು. ಹಾಲಿನ ಕೊಬ್ಬು, ಸಕ್ಕರೆ, ಲವಣ ಯಾವುದೂ ಮೇಲೇರಿಲ್ಲ, ನೀರು ಮಾತ್ರ ಏರಿದೆ. ಈ ಅಂಶವನ್ನು ಮಗುವಿನ ಮನಸ್ಸಿನಲ್ಲಿ ಚೆನ್ನಾಗಿ ಕೂರಿಸಿ. ಮುಂದೆ ಬೋರ್‌ವೆಲ್ ನೀರಿನ ವಿಷಯ ಬಂದಾಗ ಇದು ಬೇಕಾಗುತ್ತದೆ.

ಇನ್ನೊಂದು ಪ್ರಯೋಗ. ಸ್ಟೀಲ್ ಲೋಟಕ್ಕೆ ಬಹಳ ತಣ್ಣಗಿನ ನೀರನ್ನೋ ಐಸನ್ನೋ ಹಾಕಿಡಿ. ಲೋಟದ ಹೊರಮೈ ಬೆವರುತ್ತದೆ. ಒಳಗಿನ ನೀರು ಸೋರಿದ್ದೆಂದು ಮಗು ಹೇಳಿದರೆ, ನೀರಿನ ಬದಲು ತಣ್ಣಗಿನ ಹಾಲು ಹಾಕಿ ತೋರಿಸಿ. ಹೊರಗಿನ ಹನಿ ಆಗಲೂ ತಿಳಿಯಾಗಿಯೇ ಇರುತ್ತದೆ. ಅಂದರೆ ಆ ನೀರು ಬಂದದ್ದು ಸುತ್ತಲಿನ ಗಾಳಿಯಿಂದ. ಚಳಿಗಾಲದ ಬೆಳಗ್ಗೆ ಮೇವಿನ ಹುಲ್ಲಿನ ಮೇಲೆ ಕೂರುವ ಇಬ್ಬನಿಯೂ ಹೀಗೆಯೇ ಬರುತ್ತದೆ.

ಮೋಡವೆಂದರೆ ಆವಿಯೆಂದು ಬಹಳ ಮಂದಿ ತಿಳಿದಿರುತ್ತಾರೆ. ಆವಿ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೋಗಿ ತಣ್ಣಗಾದ ಆವಿಯು ಗಾಳಿಯಲ್ಲಿರುವ ಧೂಳಿನ ಕಣಗಳ ಸುತ್ತ ಕೂಡಿ ಆದ ಅತಿ ಸಣ್ಣ ಹನಿಗಳ ಗುಂಪೇ ಮೋಡ. ಗಾಳಿಯಲ್ಲಿರುವ ನೀರು ಸರಾಸರಿ 9-10 ದಿನಗಳಲ್ಲಿ ಮತ್ತೆ ನೆಲಕ್ಕೆ ಬೀಳುತ್ತದೆ. ಈ ಸಂಖ್ಯೆಯನ್ನೂ ನೆನಪಿಡಿ.

ಪಾಠ 3: ಗಿಡವೂ ಬೆವರುತ್ತದೆ

ಬಿಸಿಲಿರುವ ದಿನ ಹೊಂಗೆಯ ಎಲೆತುಂಬಿದ ಕೊಂಬೆಯೊಂದಕ್ಕೆ ತಿಳಿ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿ. ಎರಡು ಮೂರು ಗಂಟೆಯಲ್ಲಿ ಚೀಲದೊಳಗೆ ಹನಿಗಳು ಕಾಣುತ್ತವೆ. ಬೇರು ಹೀರಿದ ನೀರನ್ನು ಗಿಡ ಎಲೆಗಳ ಮೂಲಕ ಗಾಳಿಗೆ ಬಿಡುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎನ್ನುತ್ತಾರೆ. ಪ್ರಯೋಗ ಮುಗಿದ ಕೂಡಲೇ ಚೀಲವನ್ನು ಬಿಚ್ಚಿ ಮನೆಯೊಳಗೆ ತೆಗೆದಿಡುವುದನ್ನು ಮಗುವಿಗೇ ವಹಿಸಿ. ದನದ ಹೊಟ್ಟೆ ಸೇರಿದ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಸುಲಭವಾಗಿ ಹೊರಬರುವುದೂ ಇಲ್ಲ ಎಂಬ ಪಾಠವೂ ಜೊತೆಗೇ ಆಗುತ್ತದೆ.

ಪಾಠ 4: ಹಸು ಕುಡಿದ ನೀರಿನ ಲೆಕ್ಕ

ಪುಸ್ತಕದ ಚಿತ್ರದಲ್ಲಿ ಇಲ್ಲದ ಹಸುವನ್ನು ಈಗ ಚಕ್ರದೊಳಗೆ ತರೋಣ. ಒಂದು ಭಾನುವಾರ ಮಗುವಿನ ಕೈಗೆ ಸೀಮೆಸುಣ್ಣ ಕೊಡಿ. ಹಸು ಕುಡಿದ ಪ್ರತಿ ಬಕೆಟ್ಟಿಗೂ ಕೊಟ್ಟಿಗೆಯ ಗೋಡೆಯ ಮೇಲೆ ಒಂದು ಗೆರೆ ಎಳೆಯಲಿ. ದಿನಕ್ಕೆ 10 ಲೀಟರ್ ಹಾಲು ಕೊಡುವ ಸೀಮೆಹಸು 60-70 ಲೀಟರ್ ನೀರು ಕುಡಿಯುತ್ತದೆ. ಬಿಸಿಲು ಜೋರಾದರೆ ಇನ್ನೂ ಹೆಚ್ಚು. ಮೈಯ ಅಗತ್ಯಕ್ಕೆ ಬೇಕಾದುದಲ್ಲದೆ ಪ್ರತಿ ಲೀಟರ್ ಹಾಲಿಗೆ 3-4 ಲೀಟರ್ ನೀರು ಬೇಕೆಂದು ಲೆಕ್ಕ.

ಈ ನೀರು ಎಲ್ಲಿ ಹೋಗುತ್ತದೆ? ಹಸುವಿನ ಹಾಲಿನಲ್ಲಿ 100ಕ್ಕೆ ಸುಮಾರು 87 ಭಾಗ ನೀರೇ. 10 ಲೀಟರ್ ಹಾಲಿನಲ್ಲಿ ಎಂಟೂವರೆ ಲೀಟರಿಗೂ ಹೆಚ್ಚು ನೀರು ಡೈರಿಗೆ ಹೋಯಿತು. ಎಮ್ಮೆಯ ಹಾಲಿನಲ್ಲಿ ಇದು ಸುಮಾರು 83 ಭಾಗ. ಉಳಿದ ನೀರು ಗಂಜಲವಾಗಿ, ಸಗಣಿಯಾಗಿ, ಉಸಿರಾಗಿ, ಬೆವರಾಗಿ ಹೊರಗೆ ಬರುತ್ತದೆ. ಹಸಿ ಸಗಣಿಯಲ್ಲಿ 100ಕ್ಕೆ ಸುಮಾರು 80 ಭಾಗ ನೀರಿರುತ್ತದೆ. ಹಸುವಿನ ಮೂಗಿನ ಮುಂದೆ ತಣ್ಣಗಿನ ಸ್ಟೀಲ್ ತಟ್ಟೆ ಹಿಡಿದರೆ ಉಸಿರಿನ ನೀರನ್ನೂ ಕಾಣಬಹುದು.

ಮೇವಿನಲ್ಲಿಯೂ ನೀರಿದೆ. 20 ಕಿಲೋ ಹಸಿ ಸೀಮೆಹುಲ್ಲಿನಲ್ಲಿ 15-16 ಲೀಟರ್ ನೀರಿದ್ದರೆ, 10 ಕಿಲೋ ರಾಗಿ ಹುಲ್ಲಿನಲ್ಲಿ ಸುಮಾರು 1 ಲೀಟರ್ ಮಾತ್ರ. ಒಣಹುಲ್ಲು ತಿನ್ನುವ ದಿನಗಳಲ್ಲಿ ಹಸು ಹೆಚ್ಚು ನೀರು ಕೇಳುವುದು ಇದಕ್ಕೇ.

ಪಾಠ 5: ಮಳೆಯನ್ನು ಅಳೆಯೋಣ

ಭರಣಿ, ರೋಹಿಣಿ, ಆರಿದ್ರಾ ಎಂದು ಮಳೆಯ ಹೆಸರುಗಳನ್ನು ನಮ್ಮ ಹಿರಿಯರು ಬಾಯಲ್ಲೇ ಹೇಳುತ್ತಿದ್ದರು. ಇವನ್ನು ಅಜ್ಜಿಯ ಬಾಯಿಂದ ಮಕ್ಕಳು ಬರೆದುಕೊಳ್ಳಲಿ. ಅದರ ಜೊತೆಗೆ ಪ್ರಮಾಣವನ್ನೂ ಅಳೆಯಲಿ.

ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಸಮವಾಗಿರುವ ಗಾಜಿನ ಅಥವಾ ತಗಡಿನ ಡಬ್ಬಿಯನ್ನು ಮರ ಮತ್ತು ಸೂರಿನಿಂದ ದೂರ, ಬಯಲಿನಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಅಲುಗಾಡದಂತೆ ಇಡಿ. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಶಾಲೆಯ ಸ್ಕೇಲಿನಿಂದ ಅಳೆದು ಮಿಲಿಮೀಟರಿನಲ್ಲಿ ಬರೆದು, ನೀರನ್ನು ಚೆಲ್ಲಿ ಮತ್ತೆ ಇಡಬೇಕು. ಹವಾಮಾನ ಇಲಾಖೆಯವರು ಅಳೆಯುವುದೂ ಇದೇ ಹೊತ್ತಿಗೆ. ಡಬ್ಬಿ ದೊಡ್ಡದಾದರೂ ಚಿಕ್ಕದಾದರೂ ಎತ್ತರ ಒಂದೇ ಬರುತ್ತದೆ.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಇದೊಂದು ಸೂತ್ರ ಸಾಕು. ಮೂರು ಲೆಕ್ಕಗಳನ್ನು ಮಗುವಿನಿಂದ ಮಾಡಿಸಿ.

1. 20 ಅಡಿಗೆ 25 ಅಡಿ ಅಳತೆಯ ಕೊಟ್ಟಿಗೆಯ ಮಾಡು ಸುಮಾರು 46 ಚದರ ಮೀಟರ್. ಅದರ ಮೇಲೆ 10 ಮಿ.ಮೀ. ಮಳೆ ಬಿದ್ದರೆ 460 ಲೀಟರ್. 40 ಲೀಟರಿನ ಹಾಲಿನ ಕ್ಯಾನುಗಳಲ್ಲಿ ಹೇಳುವುದಾದರೆ ಹನ್ನೊಂದೂವರೆ ಕ್ಯಾನು.

2. ಕೋಲಾರದ ಕಡೆ ವರ್ಷಕ್ಕೆ 700 ಮಿ.ಮೀ. ಮಳೆ ಎಂದು ಹಿಡಿಯೋಣ. ಅದೇ ಮಾಡಿನ ಮೇಲೆ 32,200 ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ವ್ಯರ್ಥವಾಯಿತೆಂದರೂ 25,000 ಲೀಟರಿಗೂ ಮೀರಿ ಉಳಿಯುತ್ತದೆ. ದಿನಕ್ಕೆ 60 ಲೀಟರಿನಂತೆ ಒಂದು ಹಸು ವರ್ಷಕ್ಕೆ ಕುಡಿಯುವುದು 21,900 ಲೀಟರ್. ಅಂದರೆ ಒಂದು ಕೊಟ್ಟಿಗೆಯ ಮಾಡಿನ ಮಳೆ ಒಂದು ಹಸುವಿನ ವರ್ಷದ ಕುಡಿಯುವ ನೀರಿಗೆ ಸಮ.

3. ಒಂದು ಎಕರೆಗೆ ಒಂದು ಅಂಗುಲ, ಅಂದರೆ ಸುಮಾರು 25 ಮಿ.ಮೀ. ನೀರು ಹಾಯಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಇದು ನಾಲ್ಕು ಹಸುಗಳು ಇಡೀ ವರ್ಷ ಕುಡಿಯುವ ನೀರಿಗಿಂತ ಹೆಚ್ಚು.

ಈ ಮೂರನೆಯ ಲೆಕ್ಕ ಮಕ್ಕಳಿಗಿಂತ ನಮಗೇ ಹೆಚ್ಚು ಬೇಕಾದದ್ದು. ಹಸುವಿನ ಬಾನಿಯಲ್ಲಿ ನೀರು ಉಳಿಸಲು ಹೋದರೆ ಹಾಲು ಕಡಿಮೆಯಾಗುತ್ತದೆಯೇ ಹೊರತು ಬೋರು ತುಂಬುವುದಿಲ್ಲ. ನೀರು ಉಳಿಸಬೇಕಾದ ಜಾಗ ಮೇವಿನ ಹೊಲ. ಕಾಲುವೆಯಲ್ಲಿ ಹಾಯಿಸುವ ಬದಲು ಹನಿ ಅಥವಾ ತುಂತುರು ನೀರಾವರಿ, ಮಳೆಗಾಲದಲ್ಲಿ ಬೆಳೆದ ಮುಸುಕಿನ ಜೋಳವನ್ನು ರಸಮೇವು ಮಾಡಿಟ್ಟು ಬೇಸಿಗೆಗೆ ಬಳಸುವುದು, ಸಾಲಿನ ನಡುವೆ ಒಣ ಎಲೆಯ ಹೊದಿಕೆ ಹಾಕುವುದು, ಇವುಗಳ ಬೆಲೆ ಈ ಲೆಕ್ಕದಿಂದ ತಿಳಿಯುತ್ತದೆ. ರಸಮೇವಿನಲ್ಲಿ ಮಳೆಗಾಲದ ನೀರನ್ನೇ ನಾವು ಬೇಸಿಗೆಗೆ ಕೂಡಿಟ್ಟಂತೆ.

ಪಾಠ 6: ನೆಲದೊಳಗೆ ನೀರು ಇಳಿಯುವ ಬಗೆ

ಒಂದು ಲೀಟರಿನ ಮೂರು ಖಾಲಿ ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ. ಒಂದಕ್ಕೆ ಮರಳು, ಒಂದಕ್ಕೆ ಹೊಲದ ಕೆಂಪು ಮಣ್ಣು, ಇನ್ನೊಂದಕ್ಕೆ ಕೆರೆಯ ಗೋಡು ತುಂಬಿ. ಮೂರಕ್ಕೂ ಒಂದೊಂದು ಲೋಟ ನೀರು ಹುಯ್ದು, ಯಾವುದರಿಂದ ಎಷ್ಟು ಹೊತ್ತಿಗೆ ಎಷ್ಟು ನೀರು ಇಳಿಯಿತೆಂದು ಬರೆದಿಡಲಿ. ಮರಳಿನಿಂದ ಬೇಗ ಇಳಿಯುತ್ತದೆ, ಗೋಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೋಡು ಕೆರೆಯ ತಳದಲ್ಲಿದ್ದರೆ ಇಂಗುವುದಕ್ಕೆ ಅಡ್ಡಿ, ಅದನ್ನೇ ಹೊಲಕ್ಕೆ ಹೊಡೆದರೆ ತೇವ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುತ್ತಿದ್ದ ಹಿರಿಯರ ಪದ್ಧತಿಯಲ್ಲಿ ಎರಡೂ ಲಾಭಗಳಿದ್ದವು.

ಬೋರು ಬತ್ತಿದ್ದೇಕೆ?

ಈಗ ಮಗುವಿನ ಪ್ರಶ್ನೆಗೆ ಉತ್ತರ ಹೇಳಬಹುದು. ನೀರು ಸುತ್ತುವುದು ನಿಜ. ಆದರೆ ಎಲ್ಲ ನೀರೂ ಒಂದೇ ವೇಗದಲ್ಲಿ ಸುತ್ತುವುದಿಲ್ಲ, ಮೇಲಕ್ಕೆ ಹೋದ ಜಾಗದಲ್ಲೇ ಕೆಳಕ್ಕೂ ಬೀಳುವುದಿಲ್ಲ.

ಗಾಳಿಯ ನೀರು 9-10 ದಿನದಲ್ಲಿ ಬಿದ್ದರೆ, ಭೂಮಿಯ ಆಳದ ನೀರು ತನ್ನ ಸುತ್ತನ್ನು ಮುಗಿಸಲು ನೂರಾರು, ಕೆಲವೆಡೆ ಸಾವಿರಾರು ವರ್ಷ ತೆಗೆದುಕೊಳ್ಳುತ್ತದೆ. ಕೋಲಾರದ ಸೀಮೆಯ ತಳದಲ್ಲಿರುವುದು ಗಟ್ಟಿ ಬಂಡೆ. ಅದರ ಮೇಲಿನ ಶಿಥಿಲ ಪದರ ಮಳೆ ಬಂದಾಗ ತುಂಬಿಕೊಳ್ಳುತ್ತದೆ. ತಾತನ ಕಾಲದ ತೆರೆದ ಬಾವಿಗಳು ನೀರು ಕೊಡುತ್ತಿದ್ದುದು ಈ ಪದರದಿಂದ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ಬಿದ್ದ ಮಳೆಯಲ್ಲಿ ಇಂಥ ನೆಲಕ್ಕೆ ಇಂಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಬೋರುಗಳು ಸಾವಿರ ಅಡಿ ದಾಟಿದ ಕಡೆ ನಾವು ಎತ್ತುತ್ತಿರುವುದು ಬಹಳ ಹಿಂದೆ ಇಂಗಿದ ನೀರು.

ಹಾಲಿನ ಲೆಕ್ಕದಲ್ಲಿ ಹೇಳಿದರೆ ಮಕ್ಕಳಿಗೆ ಸುಲಭ. ಮಳೆಯೆಂಬುದು ಡೈರಿಯ ಬಟವಾಡೆ ಇದ್ದಂತೆ, ಹಾಲು ಹಾಕಿದಷ್ಟು ಬರುತ್ತದೆ. ಆಳದ ನೀರು ಮುತ್ತಾತ ಇಟ್ಟುಹೋದ ಠೇವಣಿ. ಬಟವಾಡೆಯಲ್ಲಿ ಸಂಸಾರ ನಡೆಸಿದರೆ ಠೇವಣಿ ಉಳಿಯುತ್ತದೆ. ದಿನವೂ ಠೇವಣಿಯನ್ನೇ ಬಿಡಿಸಿ ತಿಂದರೆ ಒಂದು ದಿನ ಪುಸ್ತಕದಲ್ಲಿ ಸೊನ್ನೆ ಬೀಳುತ್ತದೆ. ಎತ್ತಿದ ನೀರು ಆವಿಯಾಗಿ ಎಲ್ಲಿಯೋ ಮಳೆಯಾಗಿರುತ್ತದೆ. ಲೋಕದ ಲೆಕ್ಕಕ್ಕೆ ನಷ್ಟವಿಲ್ಲ, ನಮ್ಮ ಊರಿನ ಲೆಕ್ಕಕ್ಕೆ ನಷ್ಟ.

ಕುದಿಸಿದರೆ ಹೋಗದ ದೋಷ

ಹಾಲಿನ ತಟ್ಟೆಯ ಹನಿಯನ್ನು ಈಗ ನೆನಪಿಸಿ. ಒಂದು ಚಮಚ ಬೋರ್‌ವೆಲ್ ನೀರನ್ನೂ ಒಂದು ಚಮಚ ಮಳೆ ನೀರನ್ನೂ ಬೇರೆ ಬೇರೆ ತಟ್ಟೆಯಲ್ಲಿ ಒಣಗಲು ಬಿಡಿ. ಬೋರಿನ ನೀರು ಒಣಗಿದ ಕಡೆ ಬಿಳಿ ಕಲೆ ಉಳಿಯುತ್ತದೆ, ಮಳೆ ನೀರು ಹೆಚ್ಚು ಕಡಿಮೆ ಏನನ್ನೂ ಉಳಿಸುವುದಿಲ್ಲ. ಆವಿಯಾಗುವಾಗ ನೀರು ಮಾತ್ರ ಹೋಗಿ ಲವಣ ಹಿಂದೆ ಉಳಿಯುತ್ತದೆ.

ಇದರಲ್ಲಿ ಆರೋಗ್ಯದ ದೊಡ್ಡ ವಿಷಯವಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಮೂಳೆಗಳೂ ಕೆಡುತ್ತವೆ. ದನಗಳಿಗೂ ಈ ಬಾಧೆ ತಪ್ಪಿದ್ದಲ್ಲ. ಆಳದ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ.

ನಮ್ಮ ಮಳೆ ಯಾವ ಸಮುದ್ರದ್ದು?

ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರದ ಕಡೆಯಿಂದ ಮುಂಗಾರು ಗಾಳಿ ಬರುತ್ತದೆ. ಪಶ್ಚಿಮಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ತಣ್ಣಗಾಗಿ ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಸುರಿಯುತ್ತದೆ. ಘಟ್ಟ ಇಳಿದು ಬಯಲುಸೀಮೆಗೆ ಬರುವಷ್ಟರಲ್ಲಿ ಅದರ ಬಲ ಕುಗ್ಗಿರುತ್ತದೆ. ಅಕ್ಟೋಬರ್, ನವೆಂಬರ್‌ನ ಹಿಂಗಾರು ಬಂಗಾಳ ಕೊಲ್ಲಿಯ ತೇವವನ್ನು ತರುತ್ತದೆ. ಕೋಲಾರದ ಕಡೆ ಒಳ್ಳೆಯ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಯ ದಿನಗಳಲ್ಲಿ ಬೀಳುವುದರಿಂದ ಎರಡು ಸಮುದ್ರಗಳ ಋಣವೂ ನಮ್ಮ ಮೇಲಿದೆ.

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಹುಟ್ಟುವ ಪಾಲಾರು, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ಬಂಗಾಳ ಕೊಲ್ಲಿಯ ಕಡೆ ಹರಿಯುತ್ತವೆ. ತಮಿಳಿನ 'ಪಾಲ್' ಎಂದರೆ ನಮ್ಮ ಹಾಲು. ಪಾಲಾರು ಎಂದರೆ ಹಾಲಿನ ಹೊಳೆ. ಹೊಳೆಯಾಗಿ ಹರಿಯುವಷ್ಟು ನೀರು ಸದಾ ಇಲ್ಲದ ನಾಡಿನಲ್ಲಿ ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ 4,000ಕ್ಕೂ ಹೆಚ್ಚು ಕೆರೆಗಳನ್ನು ಕಟ್ಟಿದರು. ಮಳೆ ಸಮುದ್ರಕ್ಕೆ ಓಡುವ ಮೊದಲು ಅದನ್ನು ಊರಿನಲ್ಲಿ ನಾಲ್ಕು ದಿನ ನಿಲ್ಲಿಸುವುದೇ ಕೆರೆಯ ಕೆಲಸ. ತೂಬು, ಏರಿ, ಕೋಡಿ, ರಾಜಕಾಲುವೆಗಳನ್ನು ಮಕ್ಕಳಿಗೆ ಕೆರೆಯ ಬಳಿ ಕರೆದೊಯ್ದು ತೋರಿಸಿ. ನೀರಗಂಟಿಯ ಕೆಲಸ ಏನಿತ್ತೆಂದು ಹೇಳಿ.

ಮನುಷ್ಯ ಕಟ್ಟಿದ ಸುತ್ತೊಂದನ್ನೂ ತೋರಿಸಬಹುದು. ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಾಗಿ ಹರಿದು, ಸುಮಾರು 100 ಕಿ.ಮೀ. ದೂರದಿಂದ ಪಂಪಾಗಿ ಬೆಂಗಳೂರಿನ ನಲ್ಲಿಗೆ ಬರುತ್ತದೆ. ಅಲ್ಲಿ ಬಳಕೆಯಾದ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಮರುಪೂರಣಕ್ಕಾಗಿ ಬಂದ ನೀರು ಇದು. ಕೆರೆಯಿಂದ ನೇರವಾಗಿ ಜನರು ಕುಡಿಯುವುದಕ್ಕಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿ.

ಮನೆಯಲ್ಲಿ ಮಾಡಬೇಕಾದ್ದು

1. ಕೊಟ್ಟಿಗೆಯ ಮಾಡಿಗೆ ದೋಣಿ ಕೂರಿಸಿ, ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಿ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ.
2. ಕೊಟ್ಟಿಗೆ ತೊಳೆದ ನೀರು, ಗಂಜಲ ಯಾವ ಕಾರಣಕ್ಕೂ ಬೋರ್‌ವೆಲ್‌ನ ಇಂಗುಗುಂಡಿಗೆ ಸೇರಬಾರದು. ಸೇರಿದರೆ ನೈಟ್ರೇಟ್ ಮತ್ತು ರೋಗಾಣುಗಳು ಕುಡಿಯುವ ನೀರಿಗೆ ಇಳಿಯುತ್ತವೆ. ಅದನ್ನು ಸೀಮೆಹುಲ್ಲಿನ ಸಾಲಿಗೆ ಹರಿಸಿ.
3. ತಿಪ್ಪೆಗುಂಡಿ ಬಾವಿ, ಬೋರುಗಳಿಂದ ದೂರವಿರಲಿ, ತಗ್ಗಿನ ಕಡೆಗಿರಲಿ.
4. ತೆರೆದ ತೊಟ್ಟಿಗೆ ಮುಚ್ಚಳವಿರಲಿ. ಆವಿಯೂ ಕಡಿಮೆ, ಸೊಳ್ಳೆಯೂ ಇಲ್ಲ, ಮಕ್ಕಳು ಬೀಳುವ ಭಯವೂ ಇಲ್ಲ.
5. ಹೊಲದಲ್ಲಿ ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ಬದುವಿನ ಮೇಲೆ ಮೇವಿನ ಹುಲ್ಲು ನೆಡಿ. ನೀರು ನಿಲ್ಲುತ್ತದೆ, ಮಣ್ಣು ಉಳಿಯುತ್ತದೆ, ಮೇವೂ ಆಗುತ್ತದೆ.

ಮಕ್ಕಳು ಕೇಳುವ ಪ್ರಶ್ನೆಗಳು

*ಸಮುದ್ರದ ನೀರು ಉಪ್ಪು, ಮಳೆ ನೀರು ಯಾಕೆ ಸಿಹಿ?* ಉಪ್ಪು ಆವಿಯಾಗುವುದಿಲ್ಲ. ಹಾಲಿನ ತಟ್ಟೆಯ ಹನಿ ತಿಳಿಯಾಗಿದ್ದಂತೆಯೇ ಇದು.

*ಭೂಮಿಯ ಮೇಲೆ ಅಷ್ಟೊಂದು ನೀರಿದ್ದರೂ ಯಾಕೆ ಕೊರತೆ?* ನೂರು ಲೋಟದಲ್ಲಿ ಸುಮಾರು 97 ಲೋಟ ಉಪ್ಪುನೀರು. ಉಳಿದ ಸಿಹಿನೀರಿನಲ್ಲಿ ಹೆಚ್ಚಿನ ಪಾಲು ಹಿಮಗಡ್ಡೆ. ಮಿಕ್ಕದ್ದರಲ್ಲಿ ಬಹುಪಾಲು ಅಂತರ್ಜಲ. ಕೆರೆ, ನದಿಗಳಲ್ಲಿರುವುದು ಬಹಳ ಸ್ವಲ್ಪ.

*ಇಷ್ಟು ಹೊಸ ಬೋರು ಕೊರೆದರೆ ನೀರು ಹೆಚ್ಚಾಗುವುದಿಲ್ಲವೇ?* ಒಂದೇ ಲೋಟಕ್ಕೆ ನಾಲ್ಕು ಕೊಳವೆ ಹಾಕಿ ಹೀರಿದರೆ ಲೋಟದ ಹಾಲು ಹೆಚ್ಚುವುದಿಲ್ಲ, ಬೇಗ ಮುಗಿಯುತ್ತದೆ.

*ಹಸು ಕುಡಿದ ನೀರು ಮತ್ತೆ ನಮಗೆ ಸಿಗುತ್ತದೆಯೇ?* ಒಂದಿಷ್ಟು ಹಾಲಾಗಿ ಬೆಂಗಳೂರಿಗೆ ಹೋಗುತ್ತದೆ, ಒಂದಿಷ್ಟು ಗೊಬ್ಬರದ ತೇವವಾಗಿ ಹೊಲಕ್ಕೆ, ಒಂದಿಷ್ಟು ಉಸಿರಾಗಿ ಆಕಾಶಕ್ಕೆ ಹೋಗುತ್ತದೆ. ಇದೆಲ್ಲವೂ ಜಲಚಕ್ರವೇ.

ಜೂನ್ 1 ವಿಶ್ವ ಹಾಲು ದಿನ. ಮುಂಗಾರು ಕೇರಳದ ಕರಾವಳಿ ಮುಟ್ಟುವ ವಾಡಿಕೆಯ ದಿನವೂ ಅದೇ. ಆ ದಿನದಿಂದ ನಿಮ್ಮ ಮನೆಯ ಮಗುವಿನ ಹೆಸರಿನಲ್ಲಿ ಒಂದು ಮಳೆ ಪುಸ್ತಕ ಆರಂಭಿಸಿ. ಒಂದು ಕಡೆ ತಾರೀಖು ಮತ್ತು ಮಳೆಯ ಹೆಸರು, ಮಧ್ಯೆ ಎಷ್ಟು ಮಿ.ಮೀ., ಇನ್ನೊಂದು ಕಡೆ ಆ ವಾರ ಬೋರು ಎಷ್ಟು ಗಂಟೆ ಓಡಿತು ಎಂದು ಬರೆಯಲಿ. ಡೈರಿಯ ಹಾಲಿನ ಪಾಸ್‌ಬುಕ್ ತೂಗುಹಾಕುವ ಮೊಳೆಗೇ ಅದನ್ನೂ ತೂಗುಹಾಕಿ. ವರ್ಷದ ಕೊನೆಗೆ ಜಮಾ ಎಷ್ಟು, ಖರ್ಚು ಎಷ್ಟು ಎಂದು ಆ ಮಗುವೇ ನಿಮಗೆ ಓದಿ ಹೇಳುತ್ತದೆ. ಮುಂದಿನ ಬೋರು ಕೊರೆಸುವ ಮುನ್ನ ಆ ಪುಸ್ತಕವನ್ನು ಒಮ್ಮೆ ತೆರೆದು ನೋಡಿ.